ಬಟನ್ ಮೇಲಿನ ನಾಲ್ಕಕ್ಷರ

2005ರ ಏಪ್ರಿಲ್ 15, ತಮಿಳರ ಹೊಸ ವರ್ಷದ ಮಾರನೆಯ ದಿನ. ಚೆನ್ನೈನಲ್ಲಿ ಅಂದು ಸೋನಿಯಾ ಗಾಂಧಿ ಒಂದು ಸಿಡಿಯನ್ನು ಬಿಡುಗಡೆ ಮಾಡಿದರು. ಆಗ ಕೇಂದ್ರದ ಮಾಹಿತಿ ತಂತ್ರಜ್ಞಾನ ಸಚಿವರಾಗಿದ್ದವರು ಚೆನ್ನೈನವರೇ ಆದ ದಯಾನಿಧಿ ಮಾರನ್. ಸಿ-ಡ್ಯಾಕ್ ಸಿದ್ಧಪಡಿಸಿದ್ದ ಆ ಸಿಡಿಯ ಮೇಲೆ ಬೆಲೆಯಿರಲಿಲ್ಲ, ಕೇಳಿದವರಿಗೆಲ್ಲ ಪುಕ್ಕಟೆ. ಒಳಗೆ ತಮಿಳಿನ ಅಕ್ಷರ ವಿನ್ಯಾಸಗಳು, ಕೀಲಿಮಣೆ ಚಾಲಕಗಳು, ಕಾಗುಣಿತ ತಿದ್ದುವ ಉಪಕರಣ, ನಿಘಂಟು, ಭಾರತೀಯ ಓಪನ್ ಆಫೀಸ್, ತಮಿಳಿನ ಫೈರ್‌ಫಾಕ್ಸ್, ತಮಿಳಿನ ಗೇಮ್ ಮೆಸೆಂಜರ್ ಇದ್ದವು. ಪಟ್ಟಿಯ ನಡುವೆ ಎಲ್ಲೋ ಒಂದು ಸಾಲು: ಕೊಲಂಬಾ ಇಮೇಲ್ ತಂತ್ರಾಂಶದ ತಮಿಳು ಆವೃತ್ತಿ.

ಫಾಂಟ್ ಎಂದರೆ ಎಲ್ಲರಿಗೂ ಗೊತ್ತು, ಫೈರ್‌ಫಾಕ್ಸ್ ಆಗ ಹೊಸ ಹುರುಪಿನ ಹೆಸರು. ಕೊಲಂಬಾ ಯಾರಿಗೂ ಗೊತ್ತಿರಲಿಲ್ಲ. ಅದು ಜಾವಾದಲ್ಲಿ ಬರೆದ ಮುಕ್ತ ತಂತ್ರಾಂಶ. ಪ್ರಾಣಿಶಾಸ್ತ್ರದಲ್ಲಿ ಕೊಲಂಬಾ ಎಂದರೆ ಪಾರಿವಾಳದ ಕುಲದ ಹೆಸರು, ಅಂಚೆಗೆ ಒಪ್ಪುವಂಥದ್ದೇ. ಈ ಪಾರಿವಾಳವನ್ನು ತಮಿಳಿಗೆ ತಂದವರು ಮಾಡಬೇಕಾಗಿದ್ದ ಕೆಲಸ ಹೇಳುವುದಕ್ಕೆ ಸುಲಭ. ಕಿಟಕಿಯ ನೆತ್ತಿಯಲ್ಲಿ ಒಂದು ಪಟ್ಟಿಯಿದೆ, ಪಟ್ಟಿಯಲ್ಲಿ ಬಟನ್‌ಗಳಿವೆ, ಬಟನ್‌ಗಳ ಮೇಲೆ ಇಂಗ್ಲಿಷ್ ಮಾತುಗಳಿವೆ. ಅವುಗಳ ಜಾಗದಲ್ಲಿ ತಮಿಳು ಮಾತು ಕೂರಿಸಬೇಕು. ಅಷ್ಟೇ ಕೆಲಸವಾದರೂ ಚೆನ್ನೈಗೆ ಇಮೇಲ್ ಬಂದು ಅಲ್ಲಿಗೆ ಹತ್ತು ವರ್ಷವಾಗುತ್ತ ಬಂದಿತ್ತು.

ಸಾರ್ವಜನಿಕರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು. ವಿಎಸ್ಎನ್ಎಲ್ ಮೊದಲು ಸಂಪರ್ಕ ಕೊಟ್ಟ ಊರುಗಳಲ್ಲಿ ಮದ್ರಾಸ್ ಒಂದು. ಅದಕ್ಕೂ ಮೊದಲು ಐಐಟಿ ಮದ್ರಾಸಿನ ಆವರಣದಲ್ಲಿ ಇಮೇಲ್ ಇತ್ತು. 1986ರಲ್ಲಿ ಶುರುವಾದ ಅರ್ನೆಟ್ ಜಾಲದ ಎಂಟು ಸಂಸ್ಥೆಗಳಲ್ಲಿ ಅದೂ ಸೇರಿತ್ತು. ಆದರೆ ಅದು ಸಂಶೋಧಕರ ಲೋಕ. 95ರ ನಂತರ ಬಂದದ್ದು ಮನೆಮಂದಿಯ ಇಮೇಲ್. ಟೆಲಿಫೋನ್ ತಂತಿಯ ಮೂಲಕ ಸೆಕೆಂಡಿಗೆ 9.6 ಕಿಲೋಬಿಟ್ ವೇಗ. ಚಿತ್ರಗಳು ಕಾಣುವ ಖಾತೆಗೆ ವ್ಯಕ್ತಿಯೊಬ್ಬರಿಗೆ 15,000 ರೂಪಾಯಿ, ವಿದ್ಯಾರ್ಥಿಗಳಿಗೆ ಬರಿಯ ಅಕ್ಷರ ಕಾಣುವ ಶೆಲ್ ಖಾತೆಗೆ 500 ರೂಪಾಯಿ. ಐನೂರರ ಖಾತೆಯವರ ಪಾಲಿಗೆ ಇಮೇಲ್ ಎಂದರೆ ಪೈನ್, ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ 1989ರಲ್ಲಿ ಬರೆಯಲು ತೊಡಗಿದ ತಂತ್ರಾಂಶ.

ಪೈನ್‌ನಲ್ಲಿ ಟೂಲ್‌ಬಾರ್ ಇಲ್ಲ, ಮೌಸ್‌ಗೆ ಕೆಲಸವಿಲ್ಲ. ಪರದೆಯ ಕೆಳಗಿನ ಎರಡು ಸಾಲುಗಳಲ್ಲಿ ಒಂದೊಂದು ಅಕ್ಷರ, ಅದರ ಪಕ್ಕದಲ್ಲಿ ಒಂದೊಂದು ಕ್ರಿಯಾಪದ. ಡಿ ಒತ್ತಿದರೆ ಡಿಲೀಟ್, ಆರ್ ಒತ್ತಿದರೆ ರಿಪ್ಲೈ, ಎಫ್ ಒತ್ತಿದರೆ ಫಾರ್ವರ್ಡ್. ಪತ್ರ ಬರೆಯುವಾಗ ಕಂಟ್ರೋಲ್ ಹಿಡಿದು ಓ ಒತ್ತಿದರೆ ಪೋಸ್ಟ್‌ಪೋನ್, ಅಂದರೆ ಅರ್ಧ ಬರೆದ ಪತ್ರವನ್ನು ಆಮೇಲಕ್ಕೆ ಎತ್ತಿಡುವುದು. ಮುಂದೆ ಬಂದ ಎಲ್ಲ ಇಮೇಲ್ ತಂತ್ರಾಂಶಗಳ ಬಟನ್‌ಗಳ ಪೂರ್ವಜರು ಈ ಎರಡು ಸಾಲುಗಳಲ್ಲಿದ್ದಾರೆ ಎನ್ನಬಹುದು. ಇಲ್ಲಿ ಚಿತ್ರವಿರಲಿಲ್ಲ, ಮಾತೇ ಬಟನ್ ಆಗಿತ್ತು. ಇಂಗ್ಲಿಷ್ ಬಾರದವರಿಗೆ ಊಹಿಸಲು ಕೂಡ ಏನೂ ಇರಲಿಲ್ಲ.

ಹೆಚ್ಚು ದುಡ್ಡು ಕೊಟ್ಟವರ ಪರದೆಯಲ್ಲಿ ಯೂಡೋರಾ, ನೆಟ್‌ಸ್ಕೇಪ್, ಮುಂದೆ ಔಟ್‌ಲುಕ್ ಎಕ್ಸ್‌ಪ್ರೆಸ್ ಕಾಣಿಸಿಕೊಂಡವು. ಯೂಡೋರಾವನ್ನು ಸ್ಟೀವ್ ಡಾರ್ನರ್ 1988ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಬರೆದರು. ಅಂಚೆ ಕಚೇರಿಯಲ್ಲೇ ವಾಸಕ್ಕೆ ನಿಂತವಳ ಕಥೆ ಬರೆದ ಯೂಡೋರಾ ವೆಲ್ಟಿಯ ಹೆಸರನ್ನು ಅದಕ್ಕಿಟ್ಟರು. ಈ ತಂತ್ರಾಂಶಗಳ ನೆತ್ತಿಯ ಮೇಲೆ ಬಟನ್‌ಗಳ ಸಾಲಿತ್ತು, ಕೆಲವುಗಳಲ್ಲಿ ಅದನ್ನು ಬಳಸುವವರು ತಮಗೆ ಬೇಕಾದಂತೆ ಜೋಡಿಸಿಕೊಳ್ಳಬಹುದಿತ್ತು. ದಿನಕ್ಕೆ ಇಪ್ಪತ್ತು ಸಲ ಬೇಕಾಗುವುದನ್ನು ಎಡಗಡೆಗೆ ಎಳೆದು ತರುವುದು, ಬೇಡದ್ದನ್ನು ಹೊರಗೆ ಎಸೆಯುವುದು, ನಡುವೆ ಒಂದು ಗೆರೆ ಹಾಕುವುದು. ಅಂಗಡಿಯವನು ಗಲ್ಲಾಪೆಟ್ಟಿಗೆಯ ಹತ್ತಿರ ಯಾವ ಡಬ್ಬ ಇಟ್ಟುಕೊಳ್ಳಬೇಕೆಂದು ತಾನೇ ತೀರ್ಮಾನಿಸುವಂಥ ಸ್ವಾತಂತ್ರ್ಯ ಇದು. ಮೈಕ್ರೋಸಾಫ್ಟ್‌ನ ಎಕ್ಸೆಲ್‌ಗೆ ಟೂಲ್‌ಬಾರ್ ಬಂದದ್ದು 1990ರ ಮೂರನೆಯ ಆವೃತ್ತಿಯಲ್ಲಿ. ಮುಂದಿನ ಹತ್ತು ವರ್ಷಗಳಲ್ಲಿ ಟೂಲ್‌ಬಾರ್ ಇಲ್ಲದ ತಂತ್ರಾಂಶವನ್ನು ತಂತ್ರಾಂಶ ಎಂದು ಕರೆಯಲು ಜನ ಹಿಂಜರಿಯುವ ಹಾಗಾಯಿತು.

ಈ ಸ್ವಾತಂತ್ರ್ಯವನ್ನು ಎಷ್ಟು ಜನ ಬಳಸಿದರು? ತೀರಾ ಕಡಿಮೆ. ಮೈಕ್ರೋಸಾಫ್ಟ್ ಆಫೀಸ್‌ನ ವಿನ್ಯಾಸಕ ಜೆನ್ಸನ್ ಹ್ಯಾರಿಸ್ ಬರೆದಿರುವ ಪ್ರಕಾರ, ಆಫೀಸ್ 2003ರ ಬಳಕೆಯ ಅಂಕಿಗಳನ್ನು ನೋಡಿದಾಗ ಟೂಲ್‌ಬಾರ್ ಬದಲಿಸಿಕೊಂಡವರ ಪಾಲು ನೂರಕ್ಕೆ ಎರಡಕ್ಕೂ ಕಡಿಮೆ, ಅವರಲ್ಲೂ ಬಹುತೇಕರು ಮುಟ್ಟಿದ್ದು ಬೆರಳೆಣಿಕೆಯ ಬಟನ್‌ಗಳನ್ನು. ಅದೇ ಹ್ಯಾರಿಸ್ ಹೇಳುವ ಇನ್ನೊಂದು ಪ್ರಸಂಗ ಇದಕ್ಕಿಂತ ಮುಖ್ಯವಾದದ್ದು. ಔಟ್‌ಲುಕ್‌ನ ಆರಂಭದ ದಿನಗಳಲ್ಲಿ ಹೊಸಬರು ಟೂಲ್‌ಬಾರನ್ನು ಮುಟ್ಟುತ್ತಲೇ ಇರಲಿಲ್ಲವಂತೆ. ಚಿತ್ರಗಳನ್ನು ಮತ್ತೆ ಬರೆಸಿದರು, ಜಾಗ ಬದಲಿಸಿದರು, ಏನೂ ಆಗಲಿಲ್ಲ. ಕೊನೆಗೆ ಮುಖ್ಯವಾದ ಕೆಲವು ಬಟನ್‌ಗಳ ಚಿತ್ರದ ಪಕ್ಕ ಒಂದೊಂದು ಮಾತು ಬರೆದರು. ಜನ ಬಳಸತೊಡಗಿದರು. ಬಾಗಿದ ಬಾಣದ ಗುರುತು ಏನು ಹೇಳುತ್ತದೆ ಎಂದು ರಿಪ್ಲೈ ಎಂಬ ಮಾತು ಓದಿದ ಮೇಲೆಯೇ ತಿಳಿಯುವುದು.

ಇಂಗ್ಲಿಷ್ ಬಲ್ಲವರ ವಿಷಯದಲ್ಲೇ ಹೀಗಿದ್ದರೆ, ಮೈಲಾಪುರದಲ್ಲೋ ಪೆರಂಬೂರಿನಲ್ಲೋ ತಮಿಳು ಮಾತ್ರ ಓದಬಲ್ಲ ಒಬ್ಬರು ಆ ಪಟ್ಟಿಯ ಮುಂದೆ ಕೂತರೆ ಏನು? ಚಿತ್ರ ಅರ್ಥವಾಗುವುದಿಲ್ಲ, ಅದನ್ನು ಬಿಡಿಸಿ ಹೇಳುವ ಮಾತೂ ಅರ್ಥವಾಗುವುದಿಲ್ಲ. ಬಟನ್‌ಗಳನ್ನು ಹಿಂದೆಮುಂದೆ ಮಾಡುವ ಸ್ವಾತಂತ್ರ್ಯ ಅವರಿಗೆ ಯಾವ ಉಪಯೋಗಕ್ಕೆ?

ಪತ್ರದ ಒಡಲಿಗೆ ತಮಿಳು ಬಹಳ ಬೇಗ ಬಂದಿತ್ತು. 1999ರ ಫೆಬ್ರುವರಿಯಲ್ಲಿ ಚೆನ್ನೈನಲ್ಲಿ ನಡೆದ ತಮಿಳ್‌ನೆಟ್ 99 ಸಮ್ಮೇಳನದಿಂದ ತಮಿಳ್99 ಎಂಬ ಕೀಲಿಮಣೆಯೂ ಟ್ಯಾಮ್, ಟ್ಯಾಬ್ ಎಂಬ ಎರಡು ಸಂಕೇತ ಪದ್ಧತಿಗಳೂ ಬಂದವು. ಟ್ಯಾಮ್ ತಮಿಳಿಗೆ ಮಾತ್ರ. ಟ್ಯಾಬ್ ದ್ವಿಭಾಷೆಯದು, ಇಂಗ್ಲಿಷ್ ಅಕ್ಷರಗಳ ಮನೆಗಳನ್ನು ಹಾಗೆಯೇ ಉಳಿಸಿ ಉಳಿದ ಮನೆಗಳಲ್ಲಿ ತಮಿಳನ್ನು ಕೂರಿಸಿದ್ದು. ಸರ್ಕಾರದ ಗೊಡವೆಯಿಲ್ಲದೆ ಇಂಟರ್ನೆಟ್ಟಿನ ತಮಿಳರು ಕಟ್ಟಿಕೊಂಡ ಟಿಸ್ಕಿ ಪದ್ಧತಿಯೂ ಹೀಗೇ. ಹಾಗಾಗಿ ಒಂದೇ ಫಾಂಟಿನಲ್ಲಿ ತಮಿಳು ಪತ್ರ ಬರೆದು, ನಡುವೆ ಒಂದು ಇಮೇಲ್ ವಿಳಾಸ ಕೊಟ್ಟು, ಮತ್ತೆ ತಮಿಳಿಗೆ ಮರಳಬಹುದಿತ್ತು. ಅದೇ ಕಾಲದ ಕನ್ನಡ ಫಾಂಟುಗಳು, ಬರಹ ಇರಲಿ ನುಡಿ ಇರಲಿ, ಇಂಗ್ಲಿಷಿನ ಮನೆಗಳನ್ನೂ ಆಕ್ರಮಿಸಿಕೊಂಡಿದ್ದವು. ಒತ್ತಕ್ಷರಗಳಿಗೆ ಅಷ್ಟು ಜಾಗ ಬೇಕು, ಬೇರೆ ದಾರಿಯಿರಲಿಲ್ಲ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಕನ್ನಡದ ಪತ್ರ ತೆರೆದರೆ ತಲೆಯ ಮೇಲೆ ಗೆರೆ, ಚುಕ್ಕೆ ಹೊತ್ತ ಲ್ಯಾಟಿನ್ ಅಕ್ಷರಗಳ ಸಂತೆ. ಹೀಗಾಗಿ ಹಲವರು ಕನ್ನಡವನ್ನು ಕಡತವಾಗಿ ಲಗತ್ತಿಸಿ ಕಳಿಸಿದರು, ಇಲ್ಲವೇ ಇಂಗ್ಲಿಷ್ ಲಿಪಿಯಲ್ಲೇ ಕನ್ನಡ ಬರೆದರು.

ಒಡಲಿನಲ್ಲಿ ಫಾಂಟ್ ಆರಿಸುವ ಹಕ್ಕು ಬರೆಯುವವರ ಕೈಯಲ್ಲಿದೆ. ಚೌಕಟ್ಟಿನಲ್ಲಿ ಹಾಗಲ್ಲ. ಮೆನು, ಟೂಲ್‌ಬಾರ್, ಸಂದೇಶದ ಪೆಟ್ಟಿಗೆ ಇವನ್ನೆಲ್ಲ ಕಾರ್ಯಾಚರಣಾ ವ್ಯವಸ್ಥೆ ತನ್ನ ಫಾಂಟಿನಲ್ಲಿ ಬರೆಯುತ್ತದೆ. ಅದಕ್ಕೆ ತಮಿಳು ಗೊತ್ತಿಲ್ಲದಿದ್ದರೆ ಬಟನ್ ಮೇಲೆ ತಮಿಳು ಬರುವುದಿಲ್ಲ. ಯುನಿಕೋಡ್ ತಮಿಳನ್ನು ಸರಿಯಾಗಿ ಜೋಡಿಸಿ ತೋರಿಸುವುದು ವಿಂಡೋಸ್‌ಗೆ ಬಂದದ್ದು 2000ದ ಆವೃತ್ತಿಯಲ್ಲಿ, ದೇವನಾಗರಿಯ ಜೊತೆಗೆ. ಕನ್ನಡ, ತೆಲುಗು, ಗುಜರಾತಿ, ಗುರುಮುಖಿಗಳು 2001ರ ಎಕ್ಸ್‌ಪಿವರೆಗೆ ಕಾಯಬೇಕಾಯಿತು. ಹೀಗೆ ಸುಮಾರು ಐದಾರು ವರ್ಷ ಚೆನ್ನೈನ ಪರದೆಗಳಲ್ಲಿ ಪತ್ರ ತಮಿಳಿನದು, ಅದರ ಸುತ್ತಲಿನ ಕಟ್ಟು ಇಂಗ್ಲಿಷಿನದು.

ಕೊಲಂಬಾದಂಥ ಜಾವಾ ತಂತ್ರಾಂಶಗಳಲ್ಲಿ ಬಟನ್‌ಗಳ ಮಾತುಗಳನ್ನು ಪ್ರಾಪರ್ಟೀಸ್ ಎಂಬ ಸರಳ ಪಠ್ಯ ಕಡತಗಳಲ್ಲಿ ಇಡುವ ರೂಢಿ. ಎಡಕ್ಕೆ ತಂತ್ರಾಂಶಕ್ಕೆ ಗೊತ್ತಿರುವ ಹೆಸರು, ಬಲಕ್ಕೆ ಮನುಷ್ಯರು ಓದುವ ಮಾತು. ಆ ಕಾಲದ ಜಾವಾ ಈ ಕಡತಗಳನ್ನು ಲ್ಯಾಟಿನ್ ಅಕ್ಷರಗಳೆಂದೇ ಓದುತ್ತಿತ್ತು. ಬೇರೆ ಲಿಪಿಯ ಪ್ರತಿ ಸಂಕೇತವನ್ನೂ ಒಂದು ಬ್ಯಾಕ್‌ಸ್ಲ್ಯಾಶ್, ಒಂದು ಯು, ನಾಲ್ಕು ಅಂಕಿಗಳಾಗಿ ಬಿಡಿಸಿ ಬರೆಯಬೇಕು. ಸೆಂಡ್ ಎಂಬುದಕ್ಕೆ ತಮಿಳಿನಲ್ಲಿ ಅನುಪ್ಪು. ಇಂಗ್ಲಿಷಿನ ಸೆಂಡ್‌ನಲ್ಲಿ ನಾಲ್ಕಕ್ಷರ. ತಮಿಳರು ಎಣಿಸಿದರೆ ಅ, ನು, ಪ್, ಪು, ಅಲ್ಲೂ ನಾಲ್ಕೇ. ಕನ್ನಡದ ಕಳುಹಿಸು ಕೂಡ ನಾಲ್ಕೇ ಅಕ್ಷರ. ಯಂತ್ರದ ಲೆಕ್ಕ ಬೇರೆ. ಯುನಿಕೋಡ್‌ನಲ್ಲಿ ಸ್ವರಚಿಹ್ನೆಯೂ ಪುಳ್ಳಿಯೂ ತಲಾ ಒಂದು ಸಂಕೇತವಾದ್ದರಿಂದ ಅನುಪ್ಪುವಿಗೆ ಏಳು, ಕಳುಹಿಸುಗೂ ಏಳು. ಬಿಡಿಸಿ ಬರೆದಾಗ ಅದು 42 ಚಿಹ್ನೆಗಳ ಒಂದು ಸಾಲು, ಅದನ್ನು ಕಣ್ಣಿನಿಂದ ಓದಿ ತಪ್ಪು ಹಿಡಿಯಲು ಮನುಷ್ಯರಿಗೆ ಸಾಧ್ಯವಿಲ್ಲ. ಒಂದು ಅಂಕಿ ತಪ್ಪಿದರೂ ಬೇರೆ ಅಕ್ಷರ ಬಂದು ಕೂರುತ್ತದೆ. ಹೀಗೆ ಬಿಡಿಸಿಕೊಡುವ ಒಂದು ಸಣ್ಣ ಉಪಕರಣ ಜಾವಾದ ಜೊತೆಗೇ ಬರುತ್ತಿತ್ತು, ಅನುವಾದಕರ ಪ್ರಾಣ ಉಳಿಸುತ್ತಿತ್ತು.

ಇದು ಯಂತ್ರದ ತೊಡಕು, ಹೇಗೋ ದಾಟಬಹುದು. ಭಾಷೆಯ ತೊಡಕು ಹಾಗೆ ದಾಟುವಂಥದ್ದಲ್ಲ.

ರಿಪ್ಲೈ ಎಂಬುದಕ್ಕೆ ತಮಿಳು ತಂತ್ರಾಂಶಗಳಲ್ಲಿ ಹೆಚ್ಚಾಗಿ ಕಾಣುವುದು ಪದಿಲಳಿ, ಅಂದರೆ ಉತ್ತರ ಕೊಡು. ಇಲ್ಲಿನ ಅಳಿ ಎಂದರೆ ನೀಡು. ಡಿಲೀಟ್ ಎಂಬುದಕ್ಕೆ ಮೊದಲು ನೆನಪಾಗುವುದು ಅೞಿ, ನಾಶ ಮಾಡು. ಬರಹದಲ್ಲಿ ಳ ಬೇರೆ, ೞ ಬೇರೆ. ಆದರೆ ಮಾತಿನಲ್ಲಿ ಎಷ್ಟೋ ತಮಿಳರ ಬಾಯಲ್ಲಿ ೞ ಕರಗಿ ಳ ಆಗಿದೆ. ಪಕ್ಕಪಕ್ಕದ ಎರಡು ಬಟನ್‌ಗಳಲ್ಲಿ ಒಂದು ಉತ್ತರ ಕೊಡುವುದು, ಇನ್ನೊಂದು ಪತ್ರವನ್ನೇ ಇಲ್ಲವಾಗಿಸುವುದು. ಫೋನಿನಲ್ಲಿ ಯಾರಾದರೂ ಅಜ್ಜನಿಗೆ ಅಳಿ ಅಂತಿರೋದನ್ನು ಒತ್ತಿ ಎಂದರೆ ಅಜ್ಜ ಯಾವುದನ್ನು ಒತ್ತಬೇಕು? ಕನ್ನಡದಲ್ಲಿ ಈ ಕಥೆ ಶತಮಾನಗಳ ಹಿಂದೆಯೇ ಮುಗಿದಿದೆ. ಹಳಗನ್ನಡದ ೞ ಪೂರ್ತಿ ಬಿದ್ದುಹೋಗಿ ಅೞಿ ಎಂಬುದು ಅಳಿ ಆಯಿತು, ನಮ್ಮ ಅಳಿಸು ಬಂದದ್ದು ಅಲ್ಲಿಂದಲೇ. ತಮಿಳಿನಲ್ಲಿ ಡಿಲೀಟ್‌ಗೆ ನೀಕ್ಕು ಎಂಬ ಮಾತೂ ಬಳಕೆಯಲ್ಲಿದೆ, ಕನ್ನಡದ ನೀಗು ಎಂಬುದರ ಬಂಧು. ಅದು ಸೌಮ್ಯ, ತೆಗೆದುಹಾಕು ಎಂದಷ್ಟೇ ಹೇಳುತ್ತದೆ, ಕಿವಿಗೂ ಗೊಂದಲವಿಲ್ಲ. ಎರಡರಲ್ಲಿ ಒಂದನ್ನು ಆರಿಸಬೇಕಾದರೆ ನೀಕ್ಕು ಒಳ್ಳೆಯ ಆಯ್ಕೆ.

ಫಾರ್ವರ್ಡ್ ಇನ್ನೂ ಕಷ್ಟ. ತಮಿಳಿನಲ್ಲಿ ಮುನ್ನನುಪ್ಪು, ಮೇಲನುಪ್ಪು ಎಂದೆಲ್ಲ ಕಟ್ಟಿ ನೋಡಿದ್ದಾರೆ. ಮುನ್ ಎಂದರೆ ಮುಂದೆ ಎಂದೂ ಆಗುತ್ತದೆ, ಮೊದಲು ಎಂದೂ ಆಗುತ್ತದೆ. ಮುಂಚಿತವಾಗಿ ಕಳಿಸು ಎಂದು ಓದಿಕೊಂಡರೆ ತಪ್ಪೆನ್ನಲಾಗದು. ಕನ್ನಡದಲ್ಲಿ ಅವಸರದಿಂದ ಮುಂದೂಡು ಎಂದು ಬರೆದರೆ ಅದು ಪೈನ್‌ನ ಪೋಸ್ಟ್‌ಪೋನ್ ಆಗಿಬಿಡುತ್ತದೆ. ಮುಂದುವರಿಸು ಎಂದರೆ ಕಂಟಿನ್ಯೂ. ರವಾನಿಸು ಎಂದರೆ ಸೆಂಡ್‌ಗಿಂತ ಏನು ಬೇರೆ ಎಂದು ಕೇಳುತ್ತಾರೆ. ಕೊನೆಗೆ ಗೆದ್ದದ್ದು ಫಾರ್ವರ್ಡ್ ಮಾಡು. ಇದನ್ನು ಸೋಲು ಎಂದುಕೊಳ್ಳುವವರಿದ್ದಾರೆ. ಆದರೆ ತಮಿಳಿನಲ್ಲಿ ಬಟನ್‌ಗೆ ಇರುವ ಮಾತು ಪೊತ್ತಾನ್, ಪೋರ್ಚುಗೀಸರ ಬೊತಾಂವ್‌ನಿಂದ ಬಂದದ್ದು. ಸ್ಯಾಂಥೋಮಿನ ಕಡಲ ತೀರದಲ್ಲಿ ಪೋರ್ಚುಗೀಸರು ನೆಲೆಸಿದ್ದ ಕಾಲದಿಂದ ಅಂಗಿಯ ಮೇಲಿದ್ದ ಪೊತ್ತಾನ್ ಇಂದು ಶುದ್ಧ ತಮಿಳಿನ ಪ್ರತಿಪಾದಕರ ಪರದೆಯ ಮೇಲೂ ಇದೆ. ಕನ್ನಡದಲ್ಲಿ ಗುಂಡಿ ಎಂಬ ಸ್ವಂತ ಮಾತಿದೆ, ಆದರೆ ಗುಂಡಿ ಒತ್ತಿರಿ ಎಂದರೆ ಬೆಂಗಳೂರಿನವರಿಗೆ ರಸ್ತೆ ನೆನಪಾಗುತ್ತದೆ.

ಇನ್ನು ಕ್ರಿಯಾಪದದ ರೂಪದ ಪ್ರಶ್ನೆ. ಇಂಗ್ಲಿಷಿನ ಸೆಂಡ್ ಯಾರ ಮರ್ಯಾದೆಯನ್ನೂ ಅಳೆಯುವುದಿಲ್ಲ. ತಮಿಳಿನ ಅನುಪ್ಪು ಧಾತುವೂ ಹೌದು, ನೀನು ಕಳುಹಿಸು ಎಂಬ ಏಕವಚನದ ಆಜ್ಞೆಯೂ ಹೌದು. ನೋಟಿಸ್ ಬೋರ್ಡಿನ ಭಾಷೆಯಲ್ಲಿ ಅನುಪ್ಪವುಂ, ಇನ್ನೂ ಗಂಭೀರವಾಗಿ ಅನುಪ್ಪುಗ. ಕನ್ನಡದಲ್ಲಿ ಕಳುಹಿಸು, ಕಳುಹಿಸಿ, ಕಳುಹಿಸುವುದು. ಯಾವುದು ಸರಿ ಎಂಬುದು ಬಟನ್ ಒತ್ತುವಾಗ ಮಾತಾಡುತ್ತಿರುವವರು ಯಾರು ಎಂಬುದರ ಮೇಲೆ ನಿಂತಿದೆ. ಮನುಷ್ಯ ಯಂತ್ರಕ್ಕೆ ಹೇಳುತ್ತಿದ್ದರೆ ಕಳುಹಿಸು ಎಂದರೆ ಸಾಕು, ಯಂತ್ರಕ್ಕೆ ಬಹುವಚನ ಕೊಡುವ ಅಗತ್ಯವಿಲ್ಲ. ಯಂತ್ರವೇ ಮನುಷ್ಯನನ್ನು ಕೋರುತ್ತಿದ್ದರೆ ಕಳುಹಿಸಿ ಎನ್ನಬೇಕು. ಮುಕ್ತ ತಂತ್ರಾಂಶಗಳ ಕನ್ನಡ ಅನುವಾದಕರು ಹೆಚ್ಚಾಗಿ ಮೊದಲನೆಯದನ್ನು ಹಿಡಿದರು, ಗೂಗಲ್‌ನ ಕನ್ನಡ ಹೆಚ್ಚಾಗಿ ಎರಡನೆಯದನ್ನು. ಕಳುಹಿಸಿ ಎಂಬುದರಲ್ಲಿ ಇನ್ನೊಂದು ಎಡವಟ್ಟಿದೆ. ಪತ್ರ ಕಳುಹಿಸಿ ಬಂದೆ ಎನ್ನುವಾಗಿನ ಕಳುಹಿಸಿ ಕೂಡ ಅದೇ ರೂಪ. ಒಂಟಿಯಾಗಿ ಬಟನ್ ಮೇಲೆ ನಿಂತಾಗ ಅದು ಅರ್ಧಕ್ಕೆ ನಿಂತ ವಾಕ್ಯದಂತೆಯೂ ಕಾಣುತ್ತದೆ. ಜಾಗ ಕಡಿಮೆಯಿದ್ದರೆ ಆಡುಮಾತಿನ ಕಳಿಸು ಇದೆ, ಒಂದಕ್ಷರ ಉಳಿತಾಯ. ಆದರೂ ಅಧಿಕೃತ ತಂತ್ರಾಂಶಗಳು ಅದನ್ನು ಬಳಸಲು ನಾಚಿಕೊಂಡವು.

ಜಾಗದ ಪ್ರಶ್ನೆ ಸಣ್ಣದಲ್ಲ. ಹತ್ತಕ್ಷರದೊಳಗಿನ ಇಂಗ್ಲಿಷ್ ಮಾತುಗಳು ಅನುವಾದದಲ್ಲಿ ಎರಡು ಮೂರು ಪಟ್ಟು ಉದ್ದವಾಗಬಹುದೆಂದು ಐಬಿಎಂ ತನ್ನ ವಿನ್ಯಾಸಕಾರರಿಗೆ ಬಹಳ ಹಿಂದೆಯೇ ಎಚ್ಚರಿಕೆ ಕೊಟ್ಟಿತ್ತು. ಟೂಲ್‌ಬಾರಿನ ಮಾತುಗಳು ಬಹುತೇಕ ಹತ್ತಕ್ಷರದೊಳಗಿನವು. ರಿಪ್ಲೈ ಆಲ್ ಎಂಬುದು ತಮಿಳಿನಲ್ಲಿ ಅನೈವರುಕ್ಕುಂ ಪದಿಲಳಿ. ವಿಂಡೋಸ್‌ನ ಸಾಮಾನ್ಯ ಟೂಲ್‌ಬಾರ್ ಘಟಕ ಬೇರೆ ಆದೇಶ ಕೊಡದಿದ್ದರೆ ಎಲ್ಲ ಬಟನ್‌ಗಳಿಗೂ ಅತಿ ಉದ್ದದ ಮಾತಿನ ಅಗಲವನ್ನೇ ಹಂಚುತ್ತದೆ. ಒಂದು ಮಾತು ಉದ್ದವಾದರೆ ಸಾಲಿನ ಕೊನೆಯವರು ಪರದೆಯಾಚೆ ಬೀಳುತ್ತಾರೆ. ಅಂದಿನ ಪರದೆಗಳ ಅಗಲ 800 ಪಿಕ್ಸೆಲ್. ಮಾತನ್ನು ಕತ್ತರಿಸಿ ಚುಕ್ಕೆ ಇಟ್ಟರೆ ಇನ್ನೊಂದು ಅನಾಹುತ. ಇಂಗ್ಲಿಷಿನಲ್ಲಿ ಕ್ರಿಯಾಪದ ಮೊದಲು ಬರುತ್ತದೆ, ಬಾಲ ಕತ್ತರಿಸಿದರೂ ರಿಪ್ಲೈ ಉಳಿಯುತ್ತದೆ. ತಮಿಳು, ಕನ್ನಡಗಳಲ್ಲಿ ಕ್ರಿಯಾಪದ ಕೊನೆಗೆ. ಎಲ್ಲರಿಗೂ ಉತ್ತರಿಸು ಎಂಬುದನ್ನು ಕತ್ತರಿಸಿದರೆ ಉಳಿಯುವುದು ಎಲ್ಲರಿಗೂ ಎಂಬಷ್ಟೇ. ಎಲ್ಲರಿಗೂ ಏನು ಮಾಡಬೇಕೆಂದು ಹೇಳುವ ಮಾತು ಚುಕ್ಕೆಗಳ ಹಿಂದೆ ಹೋಗಿರುತ್ತದೆ.

ಎತ್ತರದ ವಿಷಯದಲ್ಲಿ ತಮಿಳಿಗೆ ಅದೃಷ್ಟ. ಅಲ್ಲಿ ಒತ್ತಕ್ಷರವಿಲ್ಲ, ತಲೆಯ ಮೇಲೆ ಒಂದು ಪುಳ್ಳಿ ಇಟ್ಟರೆ ಮುಗಿಯಿತು. ಕನ್ನಡದ ಪ್ರತ್ಯುತ್ತರ ಎಂಬ ಮಾತಿನ ಒತ್ತುಗಳು ಸಾಲಿನ ಕೆಳಗೆ ಇಳಿಯುತ್ತವೆ. ಇಂಗ್ಲಿಷಿಗೆ ಅಳೆದು ಕೊಯ್ದ ಬಟನ್‌ನಲ್ಲಿ ಅವುಗಳ ಬುಡ ಕತ್ತರಿಸಿಹೋಗುತ್ತದೆ, ತವೊತ್ತಿಗೂ ಯವೊತ್ತಿಗೂ ವ್ಯತ್ಯಾಸ ಉಳಿಯುವುದಿಲ್ಲ.

ಟೂಲ್‌ಬಾರ್ ಹೊಂದಿಸಿಕೊಳ್ಳುವ ಸ್ವಾತಂತ್ರ್ಯದ ಬೆಲೆ ಗೊತ್ತಾಗುವುದು ಇಲ್ಲಿ. 2004ರ ಡಿಸೆಂಬರ್ 7ರಂದು ಹೊರಬಂದ ಥಂಡರ್‌ಬರ್ಡ್ 1.0 ಈ ಸ್ವಾತಂತ್ರ್ಯವನ್ನು ಧಾರಾಳವಾಗಿ ಕೊಟ್ಟಿತು. ಪಟ್ಟಿಯ ಮೇಲೆ ಮೌಸ್‌ನ ಬಲಗುಂಡಿ ಒತ್ತಿ ಕಸ್ಟಮೈಸ್ ಎಂದರೆ ಬಟನ್‌ಗಳ ತಟ್ಟೆಯೊಂದು ತೆರೆಯುತ್ತದೆ, ಬೇಕಾದ್ದನ್ನು ಎಳೆದು ತಂದು ಬೇಕಾದಲ್ಲಿ ಬಿಡಬಹುದು. ಕೆಳಗೆ ಒಂದು ಪುಟ್ಟ ಆಯ್ಕೆ: ಚಿತ್ರ ಮತ್ತು ಮಾತು, ಚಿತ್ರ ಮಾತ್ರ, ಮಾತು ಮಾತ್ರ. ಅದರ ಪಕ್ಕದಲ್ಲಿ ಚಿತ್ರಗಳನ್ನು ಚಿಕ್ಕದಾಗಿಸುವ ಒಂದು ಚೌಕ. ಲಿನಕ್ಸ್‌ನ ಕೆಡಿಇ, ಗ್ನೋಮ್‌ಗಳಲ್ಲೂ ಇದೇ ಆಯ್ಕೆಗಳಿದ್ದವು. ಇಂಗ್ಲಿಷ್ ಬಲ್ಲವರಿಗೆ ಇದು ಅಲಂಕಾರದ ಪ್ರಶ್ನೆ. ಅನುವಾದದ ದೃಷ್ಟಿಯಿಂದ ನೋಡಿದರೆ ಈ ಒಂದು ಆಯ್ಕೆಯಲ್ಲಿ ಇಡೀ ಭಾಷೆ ಇದೆ. ಚಿತ್ರ ಮಾತ್ರ ಎಂದು ಆರಿಸಿದ ಕ್ಷಣ ತಮಿಳಿನ ಟೂಲ್‌ಬಾರ್, ಕನ್ನಡದ ಟೂಲ್‌ಬಾರ್, ಇಂಗ್ಲಿಷಿನ ಟೂಲ್‌ಬಾರ್ ಮೂರೂ ಒಂದೇ. ಜಾಗ ಸಾಲದೆ ಬಾಲ ಕತ್ತರಿಸಿಹೋಗುವ ಭಾಷೆಯವರಿಗೇ ಚಿತ್ರ ಮಾತ್ರ ಇರಲಿ ಎನ್ನುವ ಆಸೆ ಹೆಚ್ಚು. ಹೊಂದಾಣಿಕೆಯ ದಾರಿಯೂ ಒಂದಿತ್ತು: ಗ್ನೋಮ್‌ನಲ್ಲಿ ಮಾತು ಪಕ್ಕದಲ್ಲಿರಲಿ ಎಂದರೆ ಮುಖ್ಯವೆಂದು ಗುರುತು ಮಾಡಿದ ಬಟನ್‌ಗಳಿಗೆ ಮಾತ್ರ ಮಾತು ಬರುತ್ತಿತ್ತು. ಔಟ್‌ಲುಕ್‌ನವರು ಕಲಿತ ಪಾಠವೂ ಅದೇ ಅಲ್ಲವೇ?

ನಿಮಗೆ ಬೇಕಾದ ಬಟನ್‌ಗಳ ಕ್ರಮವನ್ನು ಥಂಡರ್‌ಬರ್ಡ್ ಒಂದು ಕಡತದಲ್ಲಿ ನೆನಪಿಟ್ಟುಕೊಳ್ಳುತ್ತದೆ. ಅಲ್ಲಿ ಬಟನ್‌ಗಳ ಹೆಸರು ಅಲ್ಪವಿರಾಮಗಳ ನಡುವೆ ಸಾಲಾಗಿ ನಿಂತಿರುತ್ತವೆ, ಪರದೆಯ ಭಾಷೆ ಯಾವುದೇ ಇರಲಿ, ಅವು ಇಂಗ್ಲಿಷಿನಲ್ಲೇ ಇರುತ್ತವೆ. ಜಾಗ ಬದಲಿಸುವುದು ಬಳಕೆದಾರರ ಹಕ್ಕಾಗಿತ್ತು, ಮಾತು ಬದಲಿಸುವುದು ಆಗಿರಲಿಲ್ಲ. ವಿಚಿತ್ರವೆಂದರೆ ಆ ಹಕ್ಕನ್ನು ಕೊಟ್ಟದ್ದು ಮೈಕ್ರೋಸಾಫ್ಟ್. ಔಟ್‌ಲುಕ್ 2000 ಮತ್ತು ಅದರ ನಂತರದ ಕೆಲವು ಆವೃತ್ತಿಗಳಲ್ಲಿ ಕಸ್ಟಮೈಸ್ ಸ್ಥಿತಿಯಲ್ಲಿ ಬಟನ್ ಮೇಲೆ ಬಲಗುಂಡಿ ಒತ್ತಿದರೆ ಹೆಸರು ಎಂಬ ಪೆಟ್ಟಿಗೆ ಇರುತ್ತಿತ್ತು. ಅದರಲ್ಲಿ ರಿಪ್ಲೈ ಅಳಿಸಿ ಬೇರೆ ಏನು ಬೇಕಾದರೂ ಬರೆಯಬಹುದಿತ್ತು. ವಿಂಡೋಸ್ 2000ದ ಮೇಲೆ ಕೂತ ಯಾವ ತಮಿಳರಾದರೂ ಅಲ್ಲಿ ಪದಿಲಳಿ ಎಂದು ಬರೆದುಕೊಳ್ಳಬಹುದಿತ್ತು, ಸಿಡಿಗೂ ಸಚಿವರಿಗೂ ಕಾಯದೆ.

ಚೆನ್ನೈನಲ್ಲಿ ಕನ್ನಡದ ಬಟನ್ ಕೂಡ ತಯಾರಾಯಿತು. ಕ್ರೋಮ್‌ಪೇಟೆಯ ಎಂಐಟಿ ಆವರಣದ ಎಯು-ಕೆಬಿಸಿ ಸಂಶೋಧನಾ ಕೇಂದ್ರ ಮತ್ತು ಸಿ-ಡ್ಯಾಕ್‌ನ ಚೆನ್ನೈ ಶಾಖೆ ಸೇರಿ ನಡೆಸಿದ ಮುಕ್ತ ತಂತ್ರಾಂಶ ಕೇಂದ್ರದಿಂದ 2007ರ ಜನವರಿಯಲ್ಲಿ ಬಾಸ್ ಲಿನಕ್ಸ್ ಹೊರಬಂತು. ಡೆಬಿಯನ್ ಮೇಲೆ ಕಟ್ಟಿದ, ಗ್ನೋಮ್ ಮುಖದ ಈ ವ್ಯವಸ್ಥೆ ಮುಂದೆ ಕನ್ನಡವನ್ನೂ ಸೇರಿ ಹಲವು ಭಾರತೀಯ ಭಾಷೆಗಳಲ್ಲಿ ಮಾತಾಡಿತು. ಗ್ನೋಮ್‌ನ ಕನ್ನಡ ಮೆನುಗಳಲ್ಲಿ ಒಂದು ವಿಶೇಷವಿದೆ. ಇಂಗ್ಲಿಷಿನಲ್ಲಿ ಸೆಂಡ್ ಎಂಬುದರ ಎಸ್ ಕೆಳಗೆ ಒಂದು ಗೆರೆ, ಆಲ್ಟ್ ಹಿಡಿದು ಎಸ್ ಒತ್ತಿದರೆ ಕೆಲಸ ಆಗುತ್ತದೆ. ಕನ್ನಡದಲ್ಲಿ ಯಾವ ಅಕ್ಷರದ ಕೆಳಗೆ ಗೆರೆ ಎಳೆಯುವುದು? ಕ ಒತ್ತಲು ಮೊದಲು ಕೀಲಿಮಣೆ ಕನ್ನಡಕ್ಕೆ ಬದಲಾಗಿರಬೇಕು. ಹಾಗಾಗಿ ಅನುವಾದಕರು ಕನ್ನಡದ ಮಾತು ಬರೆದು ಅದರ ಮುಂದೆ ಕಂಸದೊಳಗೆ ಒಂದು ಇಂಗ್ಲಿಷ್ ಅಕ್ಷರ ಇಟ್ಟರು. ಪೈನ್‌ನ ಕೆಳಸಾಲಿನಲ್ಲಿ ಮಾತಿನ ಪಕ್ಕ ಕೂತಿದ್ದ ಒಂಟಿ ಅಕ್ಷರ ಹೀಗೆ ಹಿಂದಿನ ಬಾಗಿಲಿನಿಂದ ಮರಳಿ ಬಂತು.

ಕೊಲಂಬಾದ ಅಭಿವೃದ್ಧಿ ಕೆಲವೇ ವರ್ಷಗಳಲ್ಲಿ ನಿಂತುಹೋಯಿತು, ಅದರೊಡನೆ ಅದರ ತಮಿಳೂ. ಥಂಡರ್‌ಬರ್ಡ್‌ನ ಅಧಿಕೃತ ಭಾಷೆಗಳ ಪಟ್ಟಿಗೆ ತಮಿಳು ಸೇರಿದ್ದು ಮೂರನೆಯ ಆವೃತ್ತಿಯ ಕಾಲಕ್ಕೆ, ತಮಿಳು (ಶ್ರೀಲಂಕಾ) ಎಂಬ ಹೆಸರಿನಲ್ಲಿ. ಫೈರ್‌ಫಾಕ್ಸ್ ಕನ್ನಡದಲ್ಲಿ ಸಿಗುತ್ತದೆ, ಥಂಡರ್‌ಬರ್ಡ್ ಸಿಗುವುದಿಲ್ಲ. ಇನ್ನೊಂದು ಕಡೆ ಚೆನ್ನೈ ಇಮೇಲ್ ತಂತ್ರಾಂಶವನ್ನು ಅನುವಾದಿಸುವುದಷ್ಟೇ ಅಲ್ಲ, ತಾನೇ ತಯಾರಿಸುವ ಊರಾಗಿದೆ. ಇಲ್ಲಿ ನೆಲೆಯಾದ ಜೋಹೊ 2008ರಿಂದ ಮೇಲ್ ಸೇವೆ ನಡೆಸುತ್ತಿದೆ. ಕೇಂದ್ರ ಸರ್ಕಾರದ ಸುಮಾರು 12 ಲಕ್ಷ ನೌಕರರ ಇಮೇಲ್ ಅದರ ವೇದಿಕೆಗೆ ಹೋಗಿದೆ ಎಂದು 2025ರ ಅಕ್ಟೋಬರ್‌ನಲ್ಲಿ ಪತ್ರಿಕೆಗಳು ಬರೆದವು.

ಮೇಜಿನ ಮೇಲಿನ ತಂತ್ರಾಂಶಗಳು ಹಿಂದೆ ಸರಿದು ಇಮೇಲ್ ಬ್ರೌಸರಿನೊಳಗೆ ಹೋದ ಮೇಲೆ ಎಳೆದು ಜೋಡಿಸುವ ಸ್ವಾತಂತ್ರ್ಯ ಬಹುಮಟ್ಟಿಗೆ ಹೋಯಿತು. 2011ರಲ್ಲಿ ಜಿಮೇಲ್ ಹೊಸ ವೇಷ ತೊಟ್ಟಾಗ ಬಟನ್‌ಗಳ ಮಾತುಗಳು ಮಾಯವಾಗಿ ಚಿತ್ರಗಳು ಬಂದವು. ಬೇಸರಗೊಂಡವರಿಗಾಗಿ ಸೆಟ್ಟಿಂಗ್ಸ್‌ನಲ್ಲಿ ಒಂದು ಆಯ್ಕೆ ಉಳಿಸಿದರು: ಬಟನ್ ಲೇಬಲ್, ಚಿತ್ರವೋ ಪಠ್ಯವೋ. ಅದು ಈಗಲೂ ಇದೆ. ಜಿಮೇಲನ್ನು ಕನ್ನಡಕ್ಕೆ ತಿರುಗಿಸಿಕೊಂಡವರು ಪಠ್ಯ ಎಂದು ಆರಿಸಿದರೆ ಆ ಪಟ್ಟಿಯಲ್ಲಿ ಕನ್ನಡ ಕಾಣುತ್ತದೆ, ಇಲ್ಲವಾದರೆ ಕಸದ ಬುಟ್ಟಿಯ ಚಿತ್ರ. ಫೋನುಗಳಲ್ಲಿ ಅದೂ ಇಲ್ಲ. ಕಳುಹಿಸು ಎಂಬ ಮಾತಿನ ಜಾಗದಲ್ಲಿ ಕಾಗದದ ವಿಮಾನ ಹಾರುತ್ತಿದೆ.

ಆದರೂ ಮಾತು ಪೂರ್ತಿ ಹೋಗಿಲ್ಲ. ಕಣ್ಣು ಕಾಣದವರಿಗೆ ಪರದೆಯನ್ನು ಓದಿ ಹೇಳುವ ತಂತ್ರಾಂಶಕ್ಕಾಗಿ ಪ್ರತಿ ಚಿತ್ರದ ಹಿಂದೆಯೂ ಒಂದು ಹೆಸರು ಬರೆದಿಡಬೇಕು, ಅದನ್ನು ಅನುವಾದಕರು ಇಂದೂ ಬರೆಯುತ್ತಿದ್ದಾರೆ. ಎನ್‌ವಿಡಿಎಯಂಥ ಉಚಿತ ಸ್ಕ್ರೀನ್ ರೀಡರ್ ತಮಿಳನ್ನೂ ಕನ್ನಡವನ್ನೂ ಉಚ್ಚರಿಸುತ್ತದೆ. ಮಾತನ್ನು ಕಣ್ಣಿಂದ ನೋಡಲಾಗದೆ ಕಿವಿಯಿಂದಲೇ ಗುರುತಿಸಬೇಕಾದ ಅಲ್ಲಿ, ಅನುವಾದಕರು ಡಿಲೀಟ್‌ಗೆ ಅೞಿ ಎಂದು ಬರೆದಿದ್ದಾರೋ ನೀಕ್ಕು ಎಂದು ಬರೆದಿದ್ದಾರೋ ಎಂಬುದು ಈಗಲೂ ಲೆಕ್ಕಕ್ಕೆ ಬರುತ್ತದೆ.